ಅಯಾನು ಚಲನಶೀಲತೆ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನಗಳಿಂದ ಜೈವಿಕ ಅಣುಗಳ ಅನುಕ್ರಮ ನಿರ್ಣಯ – ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ರಕ್ತ ಪರೀಕ್ಷೆಯ ವರದಿಯಲ್ಲಿ ಹೀಮೋಗ್ಲೋಬಿನ್ ವೇರಿಯಂಟ್ ಕಂಡುಬಂದಿದೆ, ಹೆಚ್ಚಿನ ಪರೀಕ್ಷೆ ಅಗತ್ಯ ಎಂಬ ಷರಾ ಬಂದಾಗ ಮುಂದೇನು ಮಾಡಬೇಕೆಂದು ತಿಳಿಯದೆ ಕಚೇರಿಗಳಲ್ಲಿ ವಿಚಾರಿಸುವ ನಾಗರಿಕರಿದ್ದಾರೆ. ಪ್ರೋಟೀನ್ ನಮೂನೆಗಳನ್ನು ವಿಶ್ಲೇಷಣೆಗೆ ಸಲ್ಲಿಸಬಯಸುವ ವಿದ್ಯಾರ್ಥಿಗಳೂ ಸಣ್ಣ ಉದ್ದಿಮೆದಾರರೂ ಅರ್ಜಿ ನಮೂನೆಯಲ್ಲಿನ ತಾಂತ್ರಿಕ ಪದಗಳ ಅರ್ಥವನ್ನು ಕೇಳುವುದುಂಟು. ಈ ಎರಡೂ ವರ್ಗದವರ ತಿಳುವಳಿಕೆಗಾಗಿ ಪ್ರಸ್ತುತ ಲೇಖನವನ್ನು ಸಿದ್ಧಪಡಿಸಲಾಗಿದೆ. ಇದನ್ನು ಓದಲು ವಿಜ್ಞಾನ ಪದವಿಯ ಅಗತ್ಯವಿಲ್ಲ. ಕೂಡುವ ಮತ್ತು ಕಳೆಯುವ ಲೆಕ್ಕ ತಿಳಿದಿದ್ದರೆ ಸಾಕು.

ಬೆಂಗಳೂರಿನ ಉತ್ತರ ಭಾಗಕ್ಕೆ ಈ ವಿಷಯದಲ್ಲಿ ವಿಶೇಷ ಸ್ಥಾನವಿದೆ. ಯಶವಂತಪುರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಅವರು ಕಟ್ಟಿದ ಅಣು ಜೈವಿಕ ಭೌತವಿಜ್ಞಾನ ಘಟಕವು ಪೆಪ್ಟೈಡುಗಳ ಅಧ್ಯಯನಕ್ಕೆ ಹೆಸರಾಗಿದೆ. ಹೆಬ್ಬಾಳ ಮೇಲ್ಸೇತುವೆಯನ್ನು ದಾಟಿ ಯಲಹಂಕದ ಕಡೆಗೆ ಸಾಗಿದರೆ ಬಳ್ಳಾರಿ ರಸ್ತೆಯಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ, ಅಂದರೆ ಜನಬಳಕೆಯ ಜಿಕೆವಿಕೆಯ, ಆವರಣ ಸಿಗುತ್ತದೆ. ಅಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವಿದ್ದು, ಅದರೊಂದಿಗೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2009ರಲ್ಲಿ ಸ್ಥಾಪಿಸಿದ ಸಿ-ಕ್ಯಾಂಪ್ ಸಂಸ್ಥೆಯೂ ಇದೆ. ಸಿ-ಕ್ಯಾಂಪ್‌ನಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ಸೌಲಭ್ಯವಿದ್ದು, ಅದನ್ನು ಹೊರಗಿನ ಶಿಕ್ಷಣ ಸಂಸ್ಥೆಗಳಿಗೂ ಉದ್ದಿಮೆಗಳಿಗೂ ಒದಗಿಸಲಾಗುತ್ತಿದೆ.

ಅನುಕ್ರಮ ಎಂದರೇನು

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸಿದ ಸರವಾಗಿದೆ. ಸಾಮಾನ್ಯವಾಗಿ ಬಳಕೆಯಾಗುವ ಅಮೈನೋ ಆಮ್ಲಗಳು 20. ಇನ್ಸುಲಿನ್‌ನಲ್ಲಿ 51 ಘಟಕಗಳಿದ್ದರೆ, ರಕ್ತಕ್ಕೆ ಕೆಂಪು ಬಣ್ಣ ನೀಡುವ ಹೀಮೋಗ್ಲೋಬಿನ್‌ನ ಆಲ್ಫಾ ಸರಪಳಿಯಲ್ಲಿ 141 ಹಾಗೂ ಬೀಟಾ ಸರಪಳಿಯಲ್ಲಿ 146 ಘಟಕಗಳಿವೆ. ಯಾವ ಸ್ಥಾನದಲ್ಲಿ ಯಾವ ಘಟಕವಿದೆ ಎಂಬ ಪಟ್ಟಿಯೇ ಅನುಕ್ರಮ. ಸಣ್ಣ ಸರಗಳನ್ನು ಪೆಪ್ಟೈಡ್ ಎಂದು ಕರೆಯುವುದು ರೂಢಿ.

ಅನುಕ್ರಮದಲ್ಲಿ ಒಂದೇ ಒಂದು ಸ್ಥಾನ ಬದಲಾದರೂ ಪರಿಣಾಮ ಗಂಭೀರವಾಗಬಹುದು. ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದರೆ ಅದು ಕುಡಗೋಲು ಕಣ ಹೀಮೋಗ್ಲೋಬಿನ್, ಅಂದರೆ ಸಿಕಲ್ ಸೆಲ್ ಕಾಯಿಲೆಯ ಮೂಲ. ಈ ಸಂಗತಿಯನ್ನು ವರ್ನನ್ ಇಂಗ್ರಾಮ್ ಅವರು 1950ರ ದಶಕದಲ್ಲಿ ತೋರಿಸಿಕೊಟ್ಟರು. ದಕ್ಷಿಣ ಭಾರತದಲ್ಲಿ ಈ ಲಕ್ಷಣ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಚಾಮರಾಜನಗರ ಜಿಲ್ಲೆಗೆ ಹೊಂದಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರಲ್ಲಿ.

ಮೊದಲಿಗೆ ಅನುಕ್ರಮವನ್ನು ರಾಸಾಯನಿಕ ವಿಧಾನದಿಂದ ಓದಲಾಗುತ್ತಿತ್ತು. ಫ್ರೆಡರಿಕ್ ಸ್ಯಾಂಗರ್ ಅವರು ಇನ್ಸುಲಿನ್‌ನ ಅನುಕ್ರಮವನ್ನು ಹಾಗೆ ಓದಿ 1958ರಲ್ಲಿ ನೊಬೆಲ್ ಪಡೆದರು. ಪೆರ್ ಎಡ್ಮನ್ ಅವರು 1950ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸರದ ಒಂದು ತುದಿಯಿಂದ ಒಂದೊಂದೇ ಘಟಕವನ್ನು ಬಿಡಿಸಿ ಗುರುತಿಸಲಾಗುತ್ತದೆ. ಅದು ನಂಬಿಕೆಗೆ ಅರ್ಹವಾದ ವಿಧಾನವೇ ಆಗಿದ್ದರೂ ನಿಧಾನವಾದುದು. ಸರದ ತುದಿಯೇ ಮುಚ್ಚಿಹೋಗಿದ್ದಲ್ಲಿ ಕೆಲಸ ಆರಂಭವೇ ಆಗುವುದಿಲ್ಲ.

ಅಣುವನ್ನು ತೂಗುವ ಯಂತ್ರ

ಮಾಸ್ ಸ್ಪೆಕ್ಟ್ರೋಮೀಟರ್ ಎಂಬುದು ಅಣುಗಳನ್ನು ತೂಗುವ ಯಂತ್ರ. ಇದರಲ್ಲಿ ತಕ್ಕಡಿಯ ತಟ್ಟೆಯಿಲ್ಲ. ಅಣುವಿಗೆ ವಿದ್ಯುದಂಶವನ್ನು ನೀಡಿ ಅಯಾನನ್ನಾಗಿ ಪರಿವರ್ತಿಸಿ, ನಿರ್ವಾತದಲ್ಲಿ ವಿದ್ಯುತ್ ಅಥವಾ ಕಾಂತಕ್ಷೇತ್ರದ ಮೂಲಕ ಸಾಗಿಸಿದಾಗ ಹಗುರವಾದದ್ದು ಬೇಗ, ಭಾರವಾದದ್ದು ತಡವಾಗಿ ಅಥವಾ ಬೇರೆ ದಾರಿಯಲ್ಲಿ ಬರುತ್ತದೆ. ಈ ವ್ಯತ್ಯಾಸದಿಂದ ತೂಕವನ್ನು ಲೆಕ್ಕ ಹಾಕಲಾಗುತ್ತದೆ. ಯಂತ್ರವು ನಿಜವಾಗಿ ಅಳೆಯುವುದು ತೂಕ ಮತ್ತು ವಿದ್ಯುದಂಶಗಳ ಅನುಪಾತವನ್ನು. ಎರಡು ವಿದ್ಯುದಂಶ ಹೊತ್ತ ಅಣುವು ತನ್ನ ತೂಕದ ಅರ್ಧದಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ವರದಿ ಓದುವವರು ನೆನಪಿಡಬೇಕು. ತೂಕದ ಮಾನ ಡಾಲ್ಟನ್. ಒಂದು ಜಲಜನಕ ಪರಮಾಣುವಿನ ತೂಕ ಸುಮಾರು 1 ಡಾಲ್ಟನ್.

ನಿಯಾನ್ ಅನಿಲದಲ್ಲಿ 20 ಮತ್ತು 22 ತೂಕದ ಎರಡು ಬಗೆಯ ಪರಮಾಣುಗಳಿವೆ ಎಂಬುದು ಜೆ. ಜೆ. ಥಾಮ್ಸನ್ ಅವರಿಗೆ 1913ರ ಸುಮಾರಿಗೆ ಇಂತಹ ಉಪಕರಣದಿಂದಲೇ ತಿಳಿಯಿತು. ಆದರೆ ಪ್ರೋಟೀನುಗಳ ಸರದಿ ಬರಲು ಬಹಳ ಕಾಲ ಹಿಡಿಯಿತು. ಕಾರಣ ಸರಳ: ಪ್ರೋಟೀನನ್ನು ಅನಿಲವಾಗಿಸಲು ಕಾಯಿಸಿದರೆ ಅದು ಸೀದುಹೋಗುತ್ತದೆ. ದ್ರವವನ್ನು ಸೂಜಿಯ ತುದಿಯಿಂದ ವಿದ್ಯುತ್ ಒತ್ತಡದಲ್ಲಿ ಸಿಂಪಡಿಸುವ ಜಾನ್ ಫೆನ್ ಅವರ ವಿಧಾನ, ಲೇಸರ್ ಕಿರಣದಿಂದ ಮೃದುವಾಗಿ ಬಿಡಿಸುವ ಕೊಯಿಚಿ ತನಾಕಾ ಅವರ ವಿಧಾನ ಇವೆರಡೂ 1980ರ ದಶಕದಲ್ಲಿ ಬಂದ ಮೇಲೆ ಈ ತೊಡಕು ನಿವಾರಣೆಯಾಯಿತು. ಇವರಿಬ್ಬರಿಗೂ 2002ರ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಪಾಲು ದೊರೆಯಿತು.

ಶಿಲ್ಕಿನಿಂದ ಜಮಾ ಕಂಡುಹಿಡಿಯುವ ಲೆಕ್ಕ

ಇಡೀ ಅಣುವಿನ ತೂಕ ತಿಳಿದ ಮಾತ್ರಕ್ಕೆ ಅನುಕ್ರಮ ತಿಳಿಯುವುದಿಲ್ಲ. ಚೀಲದ ಒಟ್ಟು ತೂಕದಿಂದ ಒಳಗಿನ ಸಾಮಾನುಗಳ ಪಟ್ಟಿ ಸಿಗದು. ಆದ್ದರಿಂದ ಅಣುವನ್ನು ಯಂತ್ರದೊಳಗೇ ಮುರಿಯಲಾಗುತ್ತದೆ. ಆರಿಸಿಕೊಂಡ ಒಂದು ಪೆಪ್ಟೈಡನ್ನು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿದಾಗ ಅದು ಹೆಚ್ಚಾಗಿ ಎರಡು ಅಮೈನೋ ಆಮ್ಲಗಳ ನಡುವಿನ ಕೊಂಡಿಯಲ್ಲಿಯೇ ಮುರಿಯುತ್ತದೆ. ಲಕ್ಷಾಂತರ ಅಣುಗಳಲ್ಲಿ ಕೆಲವು ಮೊದಲ ಕೊಂಡಿಯಲ್ಲಿ, ಕೆಲವು ಎರಡನೆಯದರಲ್ಲಿ, ಹೀಗೆ ಬೇರೆ ಬೇರೆ ಕಡೆ ಮುರಿದು, ಏಣಿಯ ಮೆಟ್ಟಿಲುಗಳಂತೆ ತುಣುಕುಗಳ ಸಾಲೊಂದು ಸಿದ್ಧವಾಗುತ್ತದೆ. ಈ ತುಣುಕುಗಳನ್ನು ಮತ್ತೆ ತೂಗಲಾಗುತ್ತದೆ. ಎರಡು ಬಾರಿ ತೂಗುವುದರಿಂದ ಇದಕ್ಕೆ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಹೆಸರಿದೆ.

ಮುಂದಿನ ಲೆಕ್ಕವು ಬ್ಯಾಂಕಿನ ಪಾಸ್ ಪುಸ್ತಕವನ್ನು ಓದಿದವರಿಗೆಲ್ಲ ಅರ್ಥವಾಗುವಂಥದು. ಪುಸ್ತಕದಲ್ಲಿ ಜಮಾ ಕಾಲಂ ಅಳಿಸಿಹೋಗಿ ಶಿಲ್ಕಿನ ಕಾಲಂ ಮಾತ್ರ ಉಳಿದಿದೆ ಎಂದು ಭಾವಿಸಿ. ಒಂದು ಸಾಲಿನ ಶಿಲ್ಕಿನಿಂದ ಅದರ ಹಿಂದಿನ ಸಾಲಿನ ಶಿಲ್ಕನ್ನು ಕಳೆದರೆ ಆ ದಿನದ ಜಮಾ ಎಷ್ಟೆಂದು ತಿಳಿಯುತ್ತದೆ. ತುಣುಕುಗಳ ತೂಕಗಳು ಶಿಲ್ಕುಗಳಿದ್ದಂತೆ, ಅಮೈನೋ ಆಮ್ಲಗಳು ಜಮಾಗಳಿದ್ದಂತೆ.

ಹೀಮೋಗ್ಲೋಬಿನ್‌ನ ಬೀಟಾ ಸರಪಳಿಯ ಮೊದಲ 8 ಘಟಕಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಟ್ರಿಪ್ಸಿನ್ ಎಂಬ ಕಿಣ್ವವು ಪ್ರೋಟೀನನ್ನು ಲೈಸೀನ್ ಮತ್ತು ಆರ್ಜಿನೀನ್ ಇರುವ ಸ್ಥಾನಗಳ ನಂತರ ಕತ್ತರಿಸುವುದರಿಂದ ಈ 8 ಘಟಕಗಳ ತುಂಡು ಪ್ರತ್ಯೇಕವಾಗಿ ದೊರೆಯುತ್ತದೆ. ಅನುಕ್ರಮ ಹೀಗಿದೆ: ವ್ಯಾಲೀನ್, ಹಿಸ್ಟಿಡೀನ್, ಲ್ಯೂಸೀನ್, ಥ್ರಿಯೋನೀನ್, ಪ್ರೋಲೀನ್, ಗ್ಲುಟಾಮಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ಲೈಸೀನ್. ಸರದಲ್ಲಿ ಸೇರಿದ ಸ್ಥಿತಿಯಲ್ಲಿ ಇವುಗಳ ತೂಕ ಕ್ರಮವಾಗಿ 99.07, 137.06, 113.08, 101.05, 97.05, 129.04, 129.04 ಮತ್ತು 128.09 ಡಾಲ್ಟನ್. ಕೂಡುತ್ತಾ ಹೋದರೆ ಸಿಗುವ ಶಿಲ್ಕುಗಳು 99.07, 236.13, 349.21, 450.26, 547.31, 676.35, 805.40 ಮತ್ತು 933.49. ಯಂತ್ರದಲ್ಲಿ ಕಾಣುವ ಸಂಖ್ಯೆಗಳು ಇದಕ್ಕಿಂತ ತುಸು ಹೆಚ್ಚಿರುತ್ತವೆ. ಪ್ರತಿ ತುಣುಕಿಗೂ ವಿದ್ಯುದಂಶ ಹೊತ್ತ ಪ್ರೋಟಾನಿನ 1.01 ಸೇರುತ್ತದೆ, ಮುರಿಯದ ಇಡೀ ಪೆಪ್ಟೈಡಿಗೆ ನೀರಿನ 18.01 ಸಹ ಸೇರಿ ಅದು 952.51ರಲ್ಲಿ ಕಾಣುತ್ತದೆ.

ಸಿಕಲ್ ಸೆಲ್ ಇರುವವರ ರಕ್ತದಲ್ಲಿ ಇದೇ ತುಂಡು 922.54ರಲ್ಲಿ ಕಾಣುತ್ತದೆ. ಸುಮಾರು 30 ಡಾಲ್ಟನ್ ಕೊರತೆ. ಕೊರತೆ ಎಲ್ಲಿ ಬಿತ್ತೆಂದು ತಿಳಿಯಲು ಸಾಲು ಸಾಲಾಗಿ ತಾಳೆ ನೋಡಬೇಕು. ಐದನೆಯ ಸಾಲಿನವರೆಗೆ, ಅಂದರೆ 547.31ರವರೆಗೆ, ಎರಡೂ ಪುಸ್ತಕಗಳು ಒಂದೇ ಆಗಿವೆ. ಆರನೆಯ ಸಾಲಿನಲ್ಲಿ ಒಂದರಲ್ಲಿ 676.35, ಇನ್ನೊಂದರಲ್ಲಿ 646.38. ಹಿಂದಿನ ಶಿಲ್ಕನ್ನು ಕಳೆದರೆ ಮೊದಲನೆಯದರಲ್ಲಿ 129.04, ಅದು ಗ್ಲುಟಾಮಿಕ್ ಆಮ್ಲ, ಎರಡನೆಯದರಲ್ಲಿ 99.07, ಅದು ವ್ಯಾಲೀನ್. ಬದಲಾವಣೆ 6ನೆಯ ಸ್ಥಾನದಲ್ಲಿಯೇ ಆಗಿದೆ ಎಂಬುದು ಹೀಗೆ ಸಾಬೀತಾಗುತ್ತದೆ. ಆ ನಂತರದ ಎಲ್ಲ ಶಿಲ್ಕುಗಳಲ್ಲಿಯೂ ಅದೇ 30ರ ವ್ಯತ್ಯಾಸ ಮುಂದುವರಿಯುತ್ತದೆ, ಲೆಕ್ಕದ ಪುಸ್ತಕದಲ್ಲಿ ಆಗುವಂತೆಯೇ.

ವಾಸ್ತವದಲ್ಲಿ ಪುಸ್ತಕದ ಎಲ್ಲ ಸಾಲುಗಳೂ ಸಿಗುವುದಿಲ್ಲ. ಮೊದಲನೆಯ ಸಾಲು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಮುರಿದಾಗ ಉಳಿಯುವ ಇನ್ನೊಂದು ಅರ್ಧ, ಅಂದರೆ ಸರದ ಕೊನೆಯ ತುದಿಯನ್ನು ಹೊತ್ತ ತುಣುಕು, ಇಲ್ಲಿ ನೆರವಿಗೆ ಬರುತ್ತದೆ. ಒಂದು ಸಾಲು ಮೇಲಿನಿಂದ ಕೆಳಕ್ಕೆ, ಇನ್ನೊಂದು ಕೆಳಗಿನಿಂದ ಮೇಲಕ್ಕೆ ಓದಿಸುತ್ತದೆ. ಇವೆರಡೂ ತಾಳೆಯಾದಲ್ಲಿ ಮಾತ್ರ ಅನುಕ್ರಮವನ್ನು ಒಪ್ಪತಕ್ಕದ್ದು. ಒಂದೇ ಕಡೆಯ ಸಾಲನ್ನು ಆಧರಿಸಿದ ಅನುಕ್ರಮವನ್ನು ಊಹೆಯೆಂದು ಭಾವಿಸುವುದು ಕ್ಷೇಮ.

ಮೇಲೆ ವಿವರಿಸಿದಂತೆ ತೂಕಗಳಿಂದಲೇ ಅನುಕ್ರಮವನ್ನು ಹೊಸದಾಗಿ ಓದುವುದು ಒಂದು ಮಾರ್ಗ. ದತ್ತಾಂಶ ಭಂಡಾರದಲ್ಲಿ ಈಗಾಗಲೇ ಇರುವ ಅನುಕ್ರಮಗಳೊಂದಿಗೆ ಹೋಲಿಸಿ ಹೊಂದಾಣಿಕೆ ಹುಡುಕುವುದು ಇನ್ನೊಂದು. ಮಾನವನ ಜೀನುಗಳ ಪಟ್ಟಿ ಸಿದ್ಧವಿರುವುದರಿಂದ ಮಾನವ ಪ್ರೋಟೀನುಗಳಿಗೆ ಎರಡನೆಯ ಮಾರ್ಗವೇ ಹೆಚ್ಚು ಬಳಕೆಯಲ್ಲಿದೆ. ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಡನೆ ಸೇರಿ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಮಾನವ ಪ್ರೋಟೀನುಗಳ ಕರಡು ನಕ್ಷೆಯು 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿತು. ಕೇವಲ ನೂರು ಕೋಟಿ ರೂಪಾಯಿಗಳ ಕಟ್ಟಡಗಳಿಂದ ವಿಜ್ಞಾನವಾಗುವುದಿಲ್ಲ, ನುರಿತ ಕೈಗಳೂ ಬೇಕು ಎಂಬುದಕ್ಕೆ ಆ ಲೇಖನದ ಲೇಖಕರ ಪಟ್ಟಿಯಲ್ಲಿರುವ ಬೆಂಗಳೂರಿನ ಯುವಕ ಯುವತಿಯರ ಹೆಸರುಗಳೇ ಸಾಕ್ಷಿ.

ತೂಕ ಒಂದೇ ಆದಾಗ

ಈ ವಿಧಾನಕ್ಕೆ ಒಂದು ದೊಡ್ಡ ಮಿತಿ ಇದೆ. ಯಂತ್ರವು ತೂಕವನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಲ್ಯೂಸೀನ್ ಮತ್ತು ಐಸೋಲ್ಯೂಸೀನ್ ಎಂಬ ಎರಡು ಅಮೈನೋ ಆಮ್ಲಗಳಲ್ಲಿ ಅದೇ ಪರಮಾಣುಗಳು ಅಷ್ಟೇ ಸಂಖ್ಯೆಯಲ್ಲಿವೆ. ಜೋಡಣೆ ಮಾತ್ರ ಬೇರೆ. ಎರಡರ ತೂಕವೂ 113.084. ಹತ್ತು ಸಾವಿರ ರೂಪಾಯಿ ನಗದಾಗಿ ಬಂದಿತೋ ಚೆಕ್ಕಿನಿಂದ ಬಂದಿತೋ ಎಂಬುದು ಶಿಲ್ಕಿನ ಕಾಲಂನಿಂದ ಹೇಗೆ ತಿಳಿಯುವುದಿಲ್ಲವೋ ಹಾಗೆ. ಗ್ಲುಟಮೀನ್ 128.06 ಮತ್ತು ಲೈಸೀನ್ 128.09 ತೀರಾ ಹತ್ತಿರ. ಎರಡು ಗ್ಲೈಸೀನ್‌ಗಳು ಸೇರಿದರೆ 114.04 ಆಗುತ್ತದೆ, ಅದು ಒಂದು ಅಸ್ಪರಜೀನ್‌ನ ತೂಕವೂ ಹೌದು. ನಡುವಿನ ಒಂದು ಶಿಲ್ಕು ಕಾಣದಿದ್ದರೆ ಎರಡು ಜಮಾಗಳನ್ನು ಒಂದೆಂದು ಬರೆದುಬಿಡುವ ಅಪಾಯ ಇದ್ದೇ ಇದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಅವರ ತಂಡವು ಈ ತೊಡಕನ್ನು ಎದುರಿಸಿದ್ದು ಕಡಲಿನ ಒಂದು ಪ್ರಾಣಿಯ ವಿಷದಲ್ಲಿ. ಕೋನಸ್ ಎಂಬ, ಶಂಕುವಿನಾಕಾರದ ಸುಂದರ ಚಿಪ್ಪುಳ್ಳ ಬಸವನಹುಳು ನಮ್ಮ ದೇಶದ ಕರಾವಳಿಯಲ್ಲಿ ಸಿಗುತ್ತದೆ. ಅದು ಈಟಿಯಂತಹ ಹಲ್ಲಿನಿಂದ ಮೀನನ್ನೋ ಹುಳುವನ್ನೋ ಚುಚ್ಚಿ ವಿಷ ಸೇರಿಸಿ ನಿಶ್ಚಲಗೊಳಿಸುತ್ತದೆ. ಒಂದೊಂದು ಪ್ರಭೇದದ ವಿಷದಲ್ಲೂ ನೂರಕ್ಕೂ ಮಿಕ್ಕಿ ಪೆಪ್ಟೈಡುಗಳಿರುತ್ತವೆ. ಇವು ನರಗಳಲ್ಲಿನ ಅಯಾನು ದ್ವಾರಗಳನ್ನು ಮುಚ್ಚಬಲ್ಲವಾದ್ದರಿಂದ ಔಷಧಿಯಾಗುವ ಸಾಧ್ಯತೆ ಇದೆ. ಕೋನಸ್ ಮ್ಯಾಗಸ್ ಎಂಬ ಪ್ರಭೇದದ 25 ಘಟಕಗಳ ಪೆಪ್ಟೈಡ್‌ನ ಕೃತಕ ರೂಪವಾದ ಜಿಕೋನೊಟೈಡ್, ಬೇರೆ ಔಷಧಿಗಳಿಗೆ ಬಗ್ಗದ ತೀವ್ರ ನೋವಿಗೆ 2004ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಭಾರತದ ಕೋನಸ್‌ಗಳ ಅಧ್ಯಯನದಲ್ಲಿ ಬಲರಾಮ್ ಅವರೊಂದಿಗೆ ನರವಿಜ್ಞಾನಿ ಕೆ. ಎಸ್. ಕೃಷ್ಣನ್ ಅವರು ಕೈಜೋಡಿಸಿದ್ದರು.

ಈ ಪೆಪ್ಟೈಡುಗಳ ಅನುಕ್ರಮವನ್ನು ಹೋಲಿಕೆಯ ಮಾರ್ಗದಿಂದ ಓದಲಾಗದು, ಏಕೆಂದರೆ ಹೋಲಿಸಲು ಸಿದ್ಧ ಪಟ್ಟಿಯೇ ಇರಲಿಲ್ಲ. ಮೇಲಾಗಿ ಜೀನಿನಲ್ಲಿ ಬರೆಯದ ಬದಲಾವಣೆಗಳು ಇವುಗಳಲ್ಲಿ ಹೇರಳ. ಪ್ರೋಲೀನ್‌ಗೆ ಒಂದು ಆಮ್ಲಜನಕ ಸೇರಿ ಹೈಡ್ರಾಕ್ಸಿಪ್ರೋಲೀನ್ ಆದಾಗ ಅದರ ತೂಕ 113.048. ಲ್ಯೂಸೀನ್‌ನ 113.084ಕ್ಕೂ ಇದಕ್ಕೂ ಇರುವ ಅಂತರ 0.036 ಮಾತ್ರ, ಸಾಧಾರಣ ಯಂತ್ರಕ್ಕೆ ಮೂರೂ ಒಂದೇ. 2012ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬೆಂಗಳೂರಿನ ಈ ತಂಡವು ಎರಡು ಹಂತದ ಮುರಿಯುವಿಕೆಯಿಂದ ಮೂರನ್ನೂ ಬೇರ್ಪಡಿಸಿ ತೋರಿಸಿತು. ಮೊದಲು ಎಲೆಕ್ಟ್ರಾನ್ ವರ್ಗಾವಣೆಯಿಂದ ಸರವನ್ನು ಮುರಿಯುವುದು, ನಂತರ ಸಿಕ್ಕ ತುಣುಕನ್ನು ಡಿಕ್ಕಿಯಿಂದ ಮತ್ತೆ ಮುರಿಯುವುದು. ಆಗ ಲ್ಯೂಸೀನ್ ತನ್ನ ಪಕ್ಕದ ಕೊಂಬೆಯಿಂದ 43 ಡಾಲ್ಟನ್ ತೂಕದ ತುಂಡನ್ನೂ, ಐಸೋಲ್ಯೂಸೀನ್ 29 ಡಾಲ್ಟನ್ ತೂಕದ ತುಂಡನ್ನೂ ಕಳೆದುಕೊಳ್ಳುತ್ತವೆ. ಒಟ್ಟು ಮೊತ್ತ ಒಂದೇ ಆದರೂ ಚಿಲ್ಲರೆ ಬೇರೆ. ಈ ಯುಕ್ತಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಅಯಾನು ಚಲನಶೀಲತೆ

ತೂಕದ ಜೊತೆಗೆ ಆಕಾರವನ್ನೂ ಅಳೆಯುವುದು ಇನ್ನೊಂದು ಉಪಾಯ. ಇದರ ಸರಳ ರೂಪವನ್ನು ಬಳ್ಳಾರಿ ರಸ್ತೆಯ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಅನೇಕರು ತಮಗರಿವಿಲ್ಲದೆಯೇ ಕಂಡಿರುತ್ತಾರೆ. ವಿಮಾನ ನಿಲ್ದಾಣಗಳ ಭದ್ರತಾ ತಪಾಸಣೆಯಲ್ಲಿ ಸಣ್ಣ ಬಟ್ಟೆಯ ಪಟ್ಟಿಯಿಂದ ಕೈಚೀಲವನ್ನು ಒರೆಸಿ ಯಂತ್ರವೊಂದಕ್ಕೆ ತೂರಿಸುವ ಕ್ರಮವಿದೆ. ಸ್ಫೋಟಕಗಳ ಕಣಗಳನ್ನು ಪತ್ತೆಹಚ್ಚುವ ಇಂತಹ ಯಂತ್ರಗಳಲ್ಲಿ ಹೆಚ್ಚಿನವು ಅಯಾನು ಚಲನಶೀಲತೆಯ ತತ್ತ್ವದಿಂದಲೇ ಕೆಲಸ ಮಾಡುತ್ತವೆ. ಪಟ್ಟಿಯನ್ನು ಕಾಯಿಸಿ ಆವಿಯನ್ನು ಅಯಾನಾಗಿಸಿ, ಗಾಳಿ ತುಂಬಿದ ಕೊಳವೆಯಲ್ಲಿ ವಿದ್ಯುತ್ ಕ್ಷೇತ್ರದಿಂದ ಎಳೆಯಲಾಗುತ್ತದೆ. ತುದಿಯನ್ನು ತಲುಪಲು ಹಿಡಿದ ಮಿಲಿಸೆಕೆಂಡುಗಳನ್ನು ಪಟ್ಟಿಯೊಂದಿಗೆ ಹೋಲಿಸಲಾಗುತ್ತದೆ.

ಮಾಸ್ ಸ್ಪೆಕ್ಟ್ರೋಮೀಟರಿನ ಒಳಗೆ ನಿರ್ವಾತವಿದ್ದರೆ ಇಲ್ಲಿ ಅನಿಲವಿದೆ ಎಂಬುದೇ ಮುಖ್ಯ ವ್ಯತ್ಯಾಸ. ಯಶವಂತಪುರದ ಮಾರುಕಟ್ಟೆಯ ಜನಜಂಗುಳಿಯಲ್ಲಿ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯುವವರು ಬೇಗ ಮುಂದೆ ಹೋಗುತ್ತಾರೆ. ಅಷ್ಟೇ ತೂಕದವರು ತಲೆಯ ಮೇಲೆ ಹಾಸಿಗೆಯ ಸುರುಳಿ ಹೊತ್ತು ಬಂದರೆ ಹತ್ತಾರು ಜನರಿಗೆ ತಾಗುತ್ತಾ ಹಿಂದುಳಿಯುತ್ತಾರೆ. ಮುದುಡಿಕೊಂಡ ಅಣು ಅನಿಲದ ಕಣಗಳಿಗೆ ಕಡಿಮೆ ತಾಗಿ ಬೇಗ ಬರುತ್ತದೆ, ಚಾಚಿಕೊಂಡ ಅಣು ತಡವಾಗಿ ಬರುತ್ತದೆ. ಇದರಿಂದ ಅಣುವಿನ ಘರ್ಷಣಾ ವಿಸ್ತೀರ್ಣವನ್ನು ಲೆಕ್ಕ ಹಾಕಬಹುದು.

ಈ ಕೊಳವೆಯನ್ನು ಮಾಸ್ ಸ್ಪೆಕ್ಟ್ರೋಮೀಟರಿನ ಮುಂದೆ ಜೋಡಿಸಿದಾಗ ಪ್ರತಿ ಅಯಾನಿಗೂ ತೂಕ ಮತ್ತು ಆಕಾರ ಎಂಬ ಎರಡು ಸ್ವತಂತ್ರ ಸಾಕ್ಷ್ಯಗಳು ದೊರೆಯುತ್ತವೆ. ಅಲೆಯಂತೆ ಚಲಿಸುವ ವಿದ್ಯುತ್ ಕ್ಷೇತ್ರವನ್ನು ಬಳಸಿ ಇವೆರಡನ್ನೂ ಕೂಡಿಸಿದ ಯಂತ್ರವನ್ನು ವಾಟರ್ಸ್ ಕಂಪನಿಯು 2006ರಲ್ಲಿ ಮಾರುಕಟ್ಟೆಗೆ ತಂದಿತು. ಲ್ಯೂಸೀನ್ ಒಂದು ಕಡೆ, ಐಸೋಲ್ಯೂಸೀನ್ ಇನ್ನೊಂದು ಕಡೆ ಇರುವ ಎರಡು ಪೆಪ್ಟೈಡುಗಳ ಆಕಾರದ ವ್ಯತ್ಯಾಸ ತೀರಾ ಅಲ್ಪವಾದುದರಿಂದ ಸಣ್ಣ ಕೊಳವೆಯಲ್ಲಿ ಅವು ಒಟ್ಟಿಗೇ ಬಂದುಬಿಡುತ್ತವೆ. ದಾರಿ ಉದ್ದವಾದಷ್ಟೂ ಅಂತರ ಹೆಚ್ಚುತ್ತದೆ. ಅದಕ್ಕಾಗಿ ಕೊಳವೆಯನ್ನು ವೃತ್ತಾಕಾರವಾಗಿ ಮಾಡಿ, ಸುಮಾರು 98 ಸೆಂಟಿಮೀಟರ್ ಸುತ್ತಳತೆಯ ಓಟದ ಪಥದಲ್ಲಿ ಅಯಾನುಗಳನ್ನು ಹಲವು ಸುತ್ತು ಓಡಿಸುವ ಯಂತ್ರಗಳೂ ಬಂದಿವೆ. ತೂಕ ಒಂದೇ ಆಗಿದ್ದು ಒಂದು ಘಟಕ ಮಾತ್ರ ಕನ್ನಡಿಯ ಪ್ರತಿಬಿಂಬದಂತೆ ತಿರುಗಿರುವ ಪೆಪ್ಟೈಡುಗಳನ್ನೂ, ಉದಾಹರಣೆಗೆ ಕೆಲವು ಕಪ್ಪೆಗಳ ಚರ್ಮದಲ್ಲಿ ಸಿಗುವ ಡರ್ಮಾರ್ಫಿನ್‌ನಂಥವುಗಳನ್ನು, ಗುರುತಿಸಲು ಈ ವಿಧಾನ ಉಪಯುಕ್ತ.

ಸಕ್ಕರೆಗಳ ಸರಪಳಿಗಳಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಗ್ಲೂಕೋಸ್, ಗ್ಯಾಲಕ್ಟೋಸ್, ಮ್ಯಾನೋಸ್ ಮೂರರ ತೂಕವೂ 180.06. ಸರಪಳಿ ಕವಲೊಡೆಯುವುದೂ ಉಂಟು. ಶಿಲ್ಕಿನ ಲೆಕ್ಕವೊಂದರಿಂದಲೇ ಅಲ್ಲಿ ಏನನ್ನೂ ತೀರ್ಮಾನಿಸಲಾಗದು.

ಹೀಮೋಗ್ಲೋಬಿನ್ ವರದಿ ಪಡೆದ ನಾಗರಿಕರ ಗಮನಕ್ಕೆ

ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನವು 2023ರ ಜುಲೈ 1ರಂದು ಆರಂಭವಾಗಿದ್ದು, ಕರ್ನಾಟಕವೂ ಸೇರಿದಂತೆ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಅದರ ಗುರಿಯಾಗಿದೆ. ತಪಾಸಣೆಯಲ್ಲಿ ಮೊದಲಿಗೆ ಸರಳ ಪರೀಕ್ಷೆ, ನಂತರ ದೃಢೀಕರಣಕ್ಕೆ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೋರೆಸಿಸ್‌ನಂತಹ ವಿಧಾನಗಳು ಬಳಕೆಯಲ್ಲಿವೆ. ಬಹುಪಾಲು ಜನರಿಗೆ ಇಷ್ಟೇ ಸಾಕು. ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕಾಗುವುದು ಯಾವುದೋ ವೇರಿಯಂಟ್ ಇದೆ, ಆದರೆ ಯಾವುದೆಂದು ಹೇಳಲಾಗದು ಎಂಬ ಸಂದರ್ಭದಲ್ಲಿ.

ಇಂತಹ ಸಂದರ್ಭ ಬರುವುದೇಕೆಂದರೆ, ಎಚ್‌ಪಿಎಲ್‌ಸಿ ಯಂತ್ರವು ಹೀಮೋಗ್ಲೋಬಿನ್‌ಗಳನ್ನು ಅವು ಹೊರಬರುವ ಸಮಯದಿಂದ ಗುರುತಿಸುತ್ತದೆ, ಮತ್ತು ಬೇರೆ ಬೇರೆ ವೇರಿಯಂಟ್‌ಗಳು ಒಂದೇ ಸಮಯಕ್ಕೆ ಹೊರಬರಬಹುದು. ಈಶಾನ್ಯ ರಾಜ್ಯಗಳಲ್ಲಿಯೂ ಬಂಗಾಳದಲ್ಲಿಯೂ ಸಾಮಾನ್ಯವಾದ ಹೀಮೋಗ್ಲೋಬಿನ್ ಇ ಎಂಬುದರಲ್ಲಿ ಬೀಟಾ ಸರಪಳಿಯ 26ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲವು ಲೈಸೀನ್ ಆಗಿರುತ್ತದೆ. ಆ ಭಾಗಗಳಿಂದ ಬಂದು ನಮ್ಮ ನಗರದಲ್ಲಿ ನೆಲೆಸಿದ ಕುಟುಂಬಗಳಿರುವುದರಿಂದ ಇದು ಇಲ್ಲಿಯ ವೈದ್ಯರಿಗೂ ಅಪರಿಚಿತವಲ್ಲ. ಸುಮಾರು 15,867 ಡಾಲ್ಟನ್ ತೂಗುವ ಇಡೀ ಸರಪಳಿಯಲ್ಲಿ ಇದರಿಂದಾಗುವ ವ್ಯತ್ಯಾಸ 1 ಡಾಲ್ಟನ್‌ಗಿಂತಲೂ ಕಡಿಮೆ. ಇಡಿಯಾಗಿ ತೂಗಿದರೆ ತಪ್ಪಿಹೋಗುವ ಸಂಭವವೇ ಹೆಚ್ಚು. ಆದರೆ ಟ್ರಿಪ್ಸಿನ್ ಲೈಸೀನ್ ಕಂಡಲ್ಲಿ ಕತ್ತರಿಸುತ್ತದೆ. ಸಾಮಾನ್ಯರಲ್ಲಿ 13 ಘಟಕಗಳ ಒಂದು ತುಂಡಾಗಿ ಸಿಗುವ ಭಾಗವು ಇಲ್ಲಿ 9 ಮತ್ತು 4 ಘಟಕಗಳ ಎರಡು ತುಂಡುಗಳಾಗಿ ಸಿಗುತ್ತದೆ, ಗುರುತು ಸ್ಪಷ್ಟವಾಗುತ್ತದೆ.

ಇದು ಕೇವಲ ಪ್ರಯೋಗಾಲಯದ ಕುತೂಹಲವಲ್ಲ. ಪತಿ ಪತ್ನಿ ಇಬ್ಬರೂ ಸಿಕಲ್ ಸೆಲ್ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇಕಡ 25. ಒಬ್ಬರು ಸಿಕಲ್ ಸೆಲ್ ವಾಹಕರಾಗಿದ್ದು ಇನ್ನೊಬ್ಬರಲ್ಲಿ ಬೇರೊಂದು ವೇರಿಯಂಟ್ ಇದ್ದರೆ, ಅದು ಯಾವುದೆಂಬುದರ ಮೇಲೆ ಮಗುವಿನ ಆರೋಗ್ಯ ನಿಂತಿದೆ. ಕೆಲವು ಸಂಯೋಗಗಳು ನಿರುಪದ್ರವಿ, ಕೆಲವು ತೀವ್ರ. ಆದುದರಿಂದ ವರದಿಯಲ್ಲಿ ವೇರಿಯಂಟ್‌ನ ಹೆಸರನ್ನು ಬರೆಯದೆ ಬಿಟ್ಟಿದ್ದಲ್ಲಿ ಅದನ್ನು ಕೇಳಿ ತಿಳಿದುಕೊಳ್ಳುವುದು ದಂಪತಿಗಳ ಹಕ್ಕು. ಕೇಳಲು ಸಂಕೋಚಪಡಬಾರದು. ವಾಹಕರಾಗಿರುವುದು ಕಾಯಿಲೆಯಲ್ಲ ಎಂಬುದನ್ನೂ, ಅದನ್ನು ಮುಂದಿಟ್ಟು ಹೆಣ್ಣುಮಕ್ಕಳ ಮದುವೆಯನ್ನು ತಪ್ಪಿಸುವುದು ಅನ್ಯಾಯವೆಂಬುದನ್ನೂ ಇಲ್ಲಿ ಸ್ಪಷ್ಟಪಡಿಸಲಾಗಿದೆ.

ಪರೀಕ್ಷೆಗೆ ಮುನ್ನ, ಕಳೆದ 3 ತಿಂಗಳೊಳಗೆ ರಕ್ತ ಹಾಕಿಸಿಕೊಂಡಿದ್ದಲ್ಲಿ ಅದನ್ನು ಕಡ್ಡಾಯವಾಗಿ ತಿಳಿಸಬೇಕು. ಇಲ್ಲವಾದಲ್ಲಿ ದಾನಿಯ ಹೀಮೋಗ್ಲೋಬಿನ್ ತಮ್ಮ ವರದಿಯಲ್ಲಿ ಸೇರಿಬಿಡುತ್ತದೆ. ಮಧುಮೇಹಿಗಳ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿಯು ರಕ್ತದ ಸಕ್ಕರೆಯ ಅಂಕಿಗಳೊಂದಿಗೆ ಹೊಂದದೇ ಇದ್ದಲ್ಲಿ ಹೀಮೋಗ್ಲೋಬಿನ್ ವೇರಿಯಂಟ್ ಅದಕ್ಕೆ ಒಂದು ಕಾರಣವಿರಬಹುದು. ವೈದ್ಯರ ಗಮನಕ್ಕೆ ತರದೆ ಔಷಧಿಯ ಪ್ರಮಾಣವನ್ನು ತಾವೇ ಬದಲಿಸಕೂಡದು.

ಅನುಕ್ರಮವನ್ನು ಡಿಎನ್‌ಎ ಪರೀಕ್ಷೆಯಿಂದಲೂ ತಿಳಿಯಬಹುದಲ್ಲವೇ ಎಂಬ ಪ್ರಶ್ನೆ ಸಹಜ. ತಿಳಿಯಬಹುದು, ಮತ್ತು ಹೀಮೋಗ್ಲೋಬಿನ್ ವಿಷಯದಲ್ಲಿ ಅಂತಿಮ ದೃಢೀಕರಣಕ್ಕೆ ಅನೇಕ ವೇಳೆ ಅದನ್ನೇ ಆಶ್ರಯಿಸಲಾಗುತ್ತದೆ. ಡಿಎನ್‌ಎ ಹೇಳುವುದು ಯೋಜನೆಯನ್ನು, ಪ್ರೋಟೀನ್ ಹೇಳುವುದು ಕಟ್ಟಿದ ಮನೆಯನ್ನು. ಮಂಜೂರಾದ ನಕ್ಷೆಗೂ ಕಟ್ಟಿದ ಮನೆಗೂ ಇರುವ ಅಂತರ ನಮ್ಮ ನಗರದ ನಿವಾಸಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮೂನೆ ಸಲ್ಲಿಸುವ ಅರ್ಜಿದಾರರಿಗೆ ಸೂಚನೆಗಳು

ಸಂಶೋಧನಾ ಸಂಸ್ಥೆಗಳ ಯಂತ್ರ ಸೌಲಭ್ಯಗಳು ರೋಗನಿರ್ಣಯ ಕೇಂದ್ರಗಳಲ್ಲ. ರೋಗಿಗಳು ತಮ್ಮ ರಕ್ತದ ನಮೂನೆಯನ್ನು ನೇರವಾಗಿ ಅಲ್ಲಿಗೆ ಒಯ್ಯತಕ್ಕದ್ದಲ್ಲ. ವೈದ್ಯರ ಸಲಹೆಯಂತೆ, ಮಾನ್ಯತೆ ಪಡೆದ ವೈದ್ಯಕೀಯ ಪ್ರಯೋಗಾಲಯದ ಮೂಲಕವೇ ಮುಂದುವರಿಯಬೇಕು. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂಬುದನ್ನಷ್ಟೇ ಅಲ್ಲದೆ, ಆ ಮಾನ್ಯತೆಯು ಸದರಿ ಪರೀಕ್ಷೆಗೆ ಅನ್ವಯಿಸುತ್ತದೆಯೇ ಎಂಬುದನ್ನೂ ವಿಚಾರಿಸಿಕೊಳ್ಳುವುದು ಸೂಕ್ತ.

ಕಾಲೇಜು, ಸಂಸ್ಥೆ ಅಥವಾ ಉದ್ದಿಮೆಯ ಪರವಾಗಿ ಅರ್ಜಿ ಸಲ್ಲಿಸುವವರು ಮೊದಲು ತಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕು. ನಮೂನೆಯಲ್ಲಿ ಏನಿದೆ ಎಂದು ಹೇಳಿ ಎಂಬ ಅರ್ಜಿಗೆ ಸಿಗುವುದು ಸಾವಿರಾರು ಸಾಲಿನ ಕಂಪ್ಯೂಟರ್ ಪಟ್ಟಿ ಮಾತ್ರ. ಪ್ರೋಟೀನ್ ಯಾವ ಜೀವಿಯದು, ಆ ಜೀವಿಯ ಅನುಕ್ರಮಗಳು ದತ್ತಾಂಶ ಭಂಡಾರದಲ್ಲಿವೆಯೇ, ಇಡೀ ತೂಕ ಸಾಕೇ ಅಥವಾ ಅನುಕ್ರಮವೇ ಬೇಕೇ, ಲ್ಯೂಸೀನ್ ಐಸೋಲ್ಯೂಸೀನ್ ಭೇದ ಮುಖ್ಯವೇ ಎಂಬುದನ್ನು ನಮೂದಿಸಿದಲ್ಲಿ ಯಾವ ಯಂತ್ರ ಸೂಕ್ತವೆಂದು ಅಲ್ಲಿನ ತಜ್ಞರು ನಿರ್ಧರಿಸಬಲ್ಲರು.

ನಮೂನೆ ಕೆಡುವುದು ಹೆಚ್ಚಾಗಿ ಅರ್ಜಿದಾರರ ಕೈಯಲ್ಲಿಯೇ. ಚರ್ಮ, ಕೂದಲು, ಉಣ್ಣೆಯ ಬಟ್ಟೆಗಳಿಂದ ಉದುರುವ ಕೆರಾಟಿನ್ ಒಂದು ಪ್ರೋಟೀನೇ ಆದುದರಿಂದ ಕೈಗವಸು ಧರಿಸದೆ ಮುಟ್ಟಿದ ನಮೂನೆಯಲ್ಲಿ ತಮ್ಮದೇ ಚರ್ಮದ ಅನುಕ್ರಮಕ್ಕೆ ಹಣ ತೆತ್ತಂತಾಗುತ್ತದೆ. ಉಪ್ಪು ಮತ್ತು ಮಾರ್ಜಕಗಳು ಅಯಾನೀಕರಣಕ್ಕೆ ಅಡ್ಡಿ ಮಾಡುತ್ತವೆ; ಸಾಬೂನಿನಿಂದ ತೊಳೆದ ಗಾಜಿನ ಪಾತ್ರೆಯಲ್ಲಿ ಉಳಿದ ಅಂಶವೂ ಸಾಕು. ಬಳಸಿದ ಬಫರ್, ಉಪ್ಪು, ಮಾರ್ಜಕ ಎಲ್ಲದರ ಹೆಸರು ಮತ್ತು ಪ್ರಮಾಣವನ್ನು ಮುಚ್ಚಿಡದೆ ಬರೆಯಬೇಕು. ನಮೂನೆಯನ್ನು ಶೈತ್ಯದಲ್ಲಿ ಸಾಗಿಸಬೇಕು, ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಬಾರದು. ಸೋಂಕುಕಾರಕ ಅಥವಾ ವಿಕಿರಣಶೀಲ ವಸ್ತುವಿದ್ದಲ್ಲಿ ಮುಂಚಿತವಾಗಿ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದು. ಮಾನವ ನಮೂನೆಗಳಿದ್ದಲ್ಲಿ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಪತ್ರದ ಪ್ರತಿಯನ್ನು ಲಗತ್ತಿಸಬೇಕಾಗುತ್ತದೆ.

ವರದಿ ಕೈಗೆ ಬಂದಾಗ ಪ್ರೋಟೀನಿನ ಹೆಸರನ್ನು ಮಾತ್ರ ನೋಡಿ ತೃಪ್ತರಾಗದೆ, ಅನುಕ್ರಮದ ಎಷ್ಟು ಭಾಗ ನಿಜವಾಗಿ ಕಂಡಿದೆ, ಎಷ್ಟು ಪೆಪ್ಟೈಡುಗಳ ಆಧಾರದ ಮೇಲೆ ಹೇಳಲಾಗಿದೆ, ತಪ್ಪು ಹೊಂದಾಣಿಕೆಯ ಪ್ರಮಾಣವನ್ನು ಎಷ್ಟಕ್ಕೆ ಮಿತಿಗೊಳಿಸಲಾಗಿದೆ ಎಂಬ ಮೂರು ಅಂಕಿಗಳನ್ನು ಕೇಳಿ ಪಡೆಯಬೇಕು. ಒಂದೇ ಪೆಪ್ಟೈಡನ್ನು ಆಧರಿಸಿದ ಗುರುತಿಸುವಿಕೆಯನ್ನು ಮತ್ತೊಂದು ಪರೀಕ್ಷೆಯಿಲ್ಲದೆ ಪ್ರಬಂಧದಲ್ಲಾಗಲಿ ಉತ್ಪನ್ನದ ಚೀಟಿಯಲ್ಲಾಗಲಿ ಬಳಸುವುದು ಸರಿಯಲ್ಲ. ಯಂತ್ರದಿಂದ ಬಂದ ಮೂಲ ದತ್ತಾಂಶದ ಕಡತವನ್ನೂ ವರದಿಯೊಂದಿಗೆ ಪಡೆದು ಕಾಯ್ದಿರಿಸಿಕೊಳ್ಳಬೇಕು. ದತ್ತಾಂಶ ಭಂಡಾರಕ್ಕೆ ಹೊಸ ಅನುಕ್ರಮಗಳು ಸೇರಿದಂತೆ ಅದೇ ಕಡತವನ್ನು ಮತ್ತೊಮ್ಮೆ ಹೋಲಿಸಲು ಸಾಧ್ಯವಿದ್ದು, ಹೊಸದಾಗಿ ನಮೂನೆ ನೀಡುವ ಅಗತ್ಯ ಬೀಳುವುದಿಲ್ಲ.